ಬೆನ್ನಿಗೆ ಕಟ್ಟಿಕೊಂಡ ಸೋಮವಾರ

ತುಂಬಾ ದಿನಗಳಾದವು ಇಲ್ಲಿ ಏನೂ ಬರೆಯದೆ. ಮೊನ್ನೆ ಊಟದ ಹೊತ್ತಿನಲ್ಲಿ ಆಫೀಸಿನ ಹುಡುಗರು ಕುಮಾರಪರ್ವತಕ್ಕೆ ಹೋಗುವ ಮಾತಾಡುತ್ತಿದ್ದರು. "ಶುಕ್ರವಾರ ರಾತ್ರಿ ಬಸ್ಸು, ವೀಕೆಂಡ್ ಪೂರ್ತಿ ಗುಡ್ಡ, ಸೋಮವಾರ ಬೆಳಗ್ಗೆ ಸೀದಾ ಆಫೀಸು. ನೀವೂ ಬನ್ನಿ ಸಾರ್" ಅಂದರು. ಮಂಡಿನೋವು ಅಂತ ತಪ್ಪಿಸಿಕೊಂಡೆ. ಮಂಡಿನೋವು ಇರುವುದೂ ನಿಜವೇ ಅನ್ನಿ :-) ಆದರೆ ಕಾರಣ ಅದಲ್ಲ. ಆ "ಸೀದಾ ಆಫೀಸು" ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆಯೊಳಗೆ ಹೇಗೋ ಆಗುತ್ತದೆ.

2010ರ ಡಿಸೆಂಬರ್. ನಾವು ಐದು ಜನ ಗೆಳೆಯರು, ಅವರಲ್ಲೊಬ್ಬ ಹೊಸಬ. ಅದುವರೆಗೆ ಅವನು ಹತ್ತಿದ್ದು ಅಂದರೆ ನಂದಿಬೆಟ್ಟ, ಅದೂ ಬೈಕಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸು ಹತ್ತಿ, ಘಾಟಿಯ ತಿರುವುಗಳಲ್ಲಿ ಕಣ್ಣು ಮುಚ್ಚದೆ, ಶನಿವಾರ ಬೆಳಗ್ಗೆ ಸುಬ್ರಹ್ಮಣ್ಯದಲ್ಲಿ ಇಳಿದೆವು. ಕಾಡಿನ ದಾರಿಯಲ್ಲಿ ಬೇರುಗಳ ಮೇಲೆ ಕಾಲಿಟ್ಟು ಹತ್ತಿ, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡೆವು. ಆ ಊಟದ ರುಚಿ ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಅಲ್ಲೇ ತಂಗಿದೆವು.

ಭಾನುವಾರ ನಸುಕಿನಲ್ಲೇ ಹೊರಟೆವು. ಭಟ್ಟರ ಮನೆ ದಾಟಿದ ಮೇಲೆ ಮರಗಳು ಮುಗಿದು ಬರೀ ಹುಲ್ಲುಗಾವಲು. ಕಲ್ಲು ಮಂಟಪ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೊಸಬನಿಗೆ ಕಾಲಿನ ಮೀನಖಂಡ ಹಿಡಿದುಕೊಂಡಿತು. ಒಂದು ಬಂಡೆಯ ಮೇಲೆ ಕೂತ. "ನೀವು ಹೋಗಿ ಬನ್ರೋ, ನಾನು ಇಲ್ಲೇ ಇರ್ತೀನಿ" ಅಂದ. ನಾವು ಗಡಿಯಾರ ನೋಡಿಕೊಂಡೆವು. ರಾತ್ರಿ ಬಸ್ಸಿಗೆ ಟಿಕೆಟ್ ಆಗಿತ್ತು. ಸೋಮವಾರ ಬೆಳಗ್ಗೆ ನನಗೆ ಮೀಟಿಂಗು. ಒಬ್ಬರಾದರೂ ಅವನ ಜೊತೆ ಕೂರಬೇಕಿತ್ತು. ಯಾರೂ ಕೂರಲಿಲ್ಲ. "ಆಯ್ತು ಮಗಾ, ಬೇಗ ಬರ್ತೀವಿ" ಅಂದವನು ನಾನೇ.

ಶೇಷಪರ್ವತ ಹತ್ತಿ, ಆಚೆಯ ಕಾಡಿನಲ್ಲಿ ಇಳಿದು, ಬಂಡೆ ಏರಿ, ತುದಿ ಮುಟ್ಟಿ, ಫೋಟೋ ತೆಗೆಸಿಕೊಂಡು ವಾಪಸ್ ಬಂದಾಗ ಬಂಡೆಯ ಮೇಲೆ ಅವನಿರಲಿಲ್ಲ. ಆ ಹೊತ್ತಿಗೆ ಮಂಜು ಇಳಿದಿತ್ತು. ಕೂಗಿದೆವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೆಳಗಿನಿಂದ ಬರುತ್ತಿದ್ದ ಸ್ಥಳೀಯರೊಬ್ಬರು ನಮ್ಮ ಜೊತೆ ಹುಡುಕಲು ನಿಂತರು. ಅವರು ನಮ್ಮನ್ನು ಬೈಯಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಅವರ ನೀರು ಯಾರತ್ರ ಉಂಟು?"

ಅವನ ನೀರಿನ ಬಾಟಲಿ ನನ್ನ ಬ್ಯಾಗಿನಲ್ಲಿತ್ತು. ಬೆಳಗ್ಗೆ ಅವನ ಭಾರ ಕಡಿಮೆ ಮಾಡೋಣ ಅಂತ ನಾನೇ ಇಸಿದುಕೊಂಡಿದ್ದೆ. ಅವನನ್ನು ಬಿಟ್ಟು ಹೋಗುವಾಗ ವಾಪಸ್ ಕೊಡುವುದು ನೆನಪಾಗಿರಲಿಲ್ಲ.

ಎರಡು ಗಂಟೆಯ ಮೇಲೆ ಅವನು ಸಿಕ್ಕಿದ್ದು ದಾರಿಯಿಂದ ಕೆಳಗೆ, ಹುಲ್ಲು ಮುಗಿದು ಕಾಡು ಶುರುವಾಗುವ ಕಡೆ. ಬಾಯಾರಿಕೆ ತಡೆಯದೆ ನೀರಿನ ಸದ್ದು ಕೇಳಿದಂತಾಗಿ ಇಳಿದಿದ್ದ. ಜಾರಿ ಬಿದ್ದು ಕಾಲು ಉಳುಕಿತ್ತು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ನನ್ನನ್ನು ನೋಡಿ ಏನೂ ಹೇಳಲಿಲ್ಲ, ಬಾಟಲಿಗೆ ಕೈ ಚಾಚಿದ ಅಷ್ಟೆ.

ಇಬ್ಬಿಬ್ಬರು ಸರದಿಯಲ್ಲಿ ಹೆಗಲು ಕೊಟ್ಟು ಅವನನ್ನು ಭಟ್ಟರ ಮನೆ ಮುಟ್ಟಿಸುವಾಗ ಪೂರ್ತಿ ಕತ್ತಲಾಗಿತ್ತು. ಬಸ್ಸು ತಪ್ಪಿತು, ಸೋಮವಾರವೂ ಹೋಯಿತು. ಮಂಗಳವಾರ ಆಫೀಸಿಗೆ ಹೋಗಿ ನೋಡಿದರೆ ಮೀಟಿಂಗನ್ನು ಗುರುವಾರಕ್ಕೆ ಹಾಕಿದ್ದರು!

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ವಾರಾಂತ್ಯದ ಚಾರಣದಲ್ಲಿ ಅಪಾಯ ಗುಡ್ಡದಲ್ಲಿ ಇರುವಷ್ಟೇ ನಮ್ಮ ಟೈಮ್‌ಟೇಬಲ್ಲಿನಲ್ಲೂ ಇದೆ ಅಂತ ನನ್ನ ಅಭಿಪ್ರಾಯ. ಹದಿನೇಳುನೂರು ಮೀಟರಿಗೂ ಎತ್ತರದ ಬೆಟ್ಟವನ್ನು ನಿದ್ದೆಗೆಟ್ಟ ಎರಡು ರಾತ್ರಿಗಳ ನಡುವೆ ತುರುಕುತ್ತೇವೆ. ಸುಸ್ತಾದವನು "ಕೂರೋಣ" ಅನ್ನಲು ಹಿಂಜರಿಯುತ್ತಾನೆ, ಯಾಕೆಂದರೆ ಬಸ್ಸು ತಪ್ಪಿದರೆ ಅದು ಅವನ ತಲೆಗೆ ಬರುತ್ತದೆ. ಮುಂದೆ ಇರುವವನಿಗೆ ಹಿಂದೆ ತಿರುಗಿ ನೋಡಲು ಪುರುಸೊತ್ತಿಲ್ಲ. ಸೋಮವಾರವನ್ನು ಬೆನ್ನಿಗೆ ಕಟ್ಟಿಕೊಂಡೇ ಹತ್ತುತ್ತೇವೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇದೇ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ್ದ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ತಾಣದ ಮೂಲಕ ಟಿಕೆಟ್ ಕೊಡಲು ಶುರುಮಾಡಿತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. "ಕಾಡಿಗೆ ಹೋಗಲೂ ಟಿಕೆಟ್ಟಾ?" ಅಂತ ಗೊಣಗಿದವರು ಬಹಳ. ನಾನಂತೂ ಅದರ ಪರ. ಪುಷ್ಪಗಿರಿ ಅಭಯಾರಣ್ಯ ಇರುವುದು ನಮ್ಮ ವೀಕೆಂಡಿಗೋಸ್ಕರ ಅಲ್ಲವಲ್ಲ.

ಆದರೆ ಮಿತಿಯಿಂದ ಗುಂಪು ಕರಗಬಹುದು, ಅವಸರ ಕರಗುವುದಿಲ್ಲ. ನನ್ನ ಅನುಮಾನ ಏನೆಂದರೆ, ಕಷ್ಟಪಟ್ಟು ಟಿಕೆಟ್ ಹಿಡಿದವನಿಗೆ "ದುಡ್ಡು ಕೊಟ್ಟಿದ್ದೀನಿ, ತುದಿ ಮುಟ್ಟದೆ ಬರಲ್ಲ" ಅನ್ನುವ ಹಠ ಇನ್ನೂ ಜಾಸ್ತಿ. ಆ ಹಠ ಬಿಡಿಸುವ ಕಾನೂನು ಯಾವ ಇಲಾಖೆಯೂ ಮಾಡಲಾರದು. ಅದನ್ನು ನಾವೇ ಮಾಡಿಕೊಳ್ಳಬೇಕು.

ಆ ಭಾನುವಾರದ ನಂತರ ನಮ್ಮ ಗುಂಪಿನಲ್ಲಿ ಮಾಡಿಕೊಂಡದ್ದು ಇಷ್ಟು. ದೂರದ ಬೆಟ್ಟವಾದರೆ ಸೋಮವಾರಕ್ಕೂ ರಜೆ ಹಾಕಿಯೇ ಹೊರಡುವುದು. ರಜೆ ಸಿಗದಿದ್ದರೆ ಮಾಕಳಿದುರ್ಗವೋ ಸಾವನದುರ್ಗವೋ, ಬೆಳಗ್ಗೆ ಹೋಗಿ ಸಂಜೆ ಮನೆ ಸೇರುವಂಥದ್ದು. ಎಲ್ಲರಿಗಿಂತ ನಿಧಾನ ನಡೆಯುವವನು ಮುಂದೆ, ದಾರಿ ಬಲ್ಲವನು ಕೊನೆಯಲ್ಲಿ. ಯಾರ ನೀರು ಅವರವರ ಬೆನ್ನಲ್ಲೇ. ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅಂತ ಕೆಳಗೇ ತೀರ್ಮಾನ. ಆ ಗಂಟೆ ಹೊಡೆದಾಗ ತುದಿ ಕಣ್ಣೆದುರೇ ಇದ್ದರೂ ತಿರುಗುವುದು. ಒಬ್ಬ ಕೂತರೆ ಅವನ ಜೊತೆ ಇನ್ನೊಬ್ಬ ಕೂರುವುದು.

"ಅಷ್ಟು ದೂರ ಹೋಗಿ ತುದಿ ನೋಡದೆ ಬಂದರೆ ಏನು ಬಂತು?" ಅಂತ ಕೇಳುವವರಿದ್ದಾರೆ. ಸರಿ, ಬೇಜಾರಾಗುತ್ತದೆ. ಒಂದು ಸಲ ಶೇಷಪರ್ವತದಿಂದಲೇ ತಿರುಗಿ ಬಂದೆವು. ಎದುರಿಗೆ ಕುಮಾರಪರ್ವತ ಬಿಸಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ವಾಪಸ್ ಬರುವಾಗ ಅರ್ಧ ದಾರಿ ಯಾರೂ ಮಾತಾಡಲಿಲ್ಲ. ಆದರೆ ಎಲ್ಲರೂ ಒಟ್ಟಿಗೇ ಇಳಿದೆವು.

ಅವತ್ತಿನ ಆ ಹೊಸಬ ಈಗಲೂ ಗೆಳೆಯನೇ. ಆ ದಿನದ ವಿಷಯ ಅವನಾಗಿ ಎತ್ತುವುದಿಲ್ಲ, ನಾನೂ ಎತ್ತಿಲ್ಲ. ಕ್ಷಮಿಸು ಅಂತ ಸರಿಯಾಗಿ ಕೇಳಿಯೂ ಇಲ್ಲ. ಇಷ್ಟು ಬರೆದ ಮೇಲೆ ಅದೊಂದು ಬಾಕಿ ಇದೆ ಅನ್ನಿಸುತ್ತಿದೆ, ಇವತ್ತು ಫೋನ್ ಮಾಡಬೇಕು.

ನಾಳೆ ಆ ಹುಡುಗರ ಹತ್ತಿರವೂ ಮಂಡಿನೋವಿನ ಕಥೆ ಬಿಟ್ಟು ಇದನ್ನೇ ಹೇಳುತ್ತೇನೆ. ಸೋಮವಾರಕ್ಕೆ ರಜೆ ಹಾಕುವುದಾದರೆ ನಾನೂ ಬರುತ್ತೇನೆ. ಕೊನೆಯಲ್ಲಿ ನಡೆಯಲು ಒಬ್ಬರು ಬೇಕಲ್ಲ :-)

ನಿಮ್ಮ ಗುಂಪುಗಳಲ್ಲಿ ಏನು ನಿಯಮ ಇಟ್ಟುಕೊಂಡಿದ್ದೀರಿ? ಹೇಳಿ.