ಮೀನಿನೊಳಗಣ ಹುಳು: ಆಹಾರ ಸುರಕ್ಷತಾ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೆ,

ಪೇಟೆಯಲ್ಲಿ ಕೊಂಡ ಮೀನಿನಲ್ಲಿ ಹುಳು ಕಂಡಿತೆಂಬ ಸುದ್ದಿ ಹಬ್ಬಿದೊಡನೆ, ಬುಟ್ಟಿಯ ಮುಂದೆ ಕುಳಿತು ಮೀನು ಮಾರುವ ಹೆಂಗಸೇ ಅಪರಾಧಿನಿಯೆಂಬಂತೆ ಗಿರಾಕಿಗಳು ಅವಳನ್ನು ಗದರಿಸುವುದೂ, ತಪಾಸಣೆಗೆ ಹೊರಟವರು ಅವಳ ಬುಟ್ಟಿಗೇ ಮೊದಲು ಕೈಯಿಡುವುದೂ ಸುಲಭವಾದ ದಾರಿಯಾಗಿರುವುದರಿಂದ, ಆ ದಾರಿ ಏಕೆ ಸಲ್ಲದೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲೆಳಸುತ್ತೇನೆ.

ಮೆಟ್ಟುಕತ್ತಿಯಲ್ಲಿ ಮೀನಿನ ಉದರವನ್ನು ಸೀಳಿದಾಗ, ಯಕೃತ್ತಿಗೂ ಕರುಳಿಗೂ ಅಂಟಿಕೊಂಡು ಗಡಿಯಾರದ ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿಕೊಂಡಿರುವ ಬಿಳಿಯ ಹುಳುವೊಂದು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಬಿಡಿಸಿದರೆ ಎರಡು ಮೂರು ಸೆಂಟಿಮೀಟರು ಉದ್ದವಾಗುವ ಇದು ಅನಿಸಾಕಿಸ್ ಎಂಬ ಪರೋಪಜೀವಿಯ ಮರಿಯಾಗಿರಬಹುದು. ತಿಮಿಂಗಿಲ, ಡಾಲ್ಫಿನ್ ಮೊದಲಾದ ಕಡಲ ಸ್ತನಿಗಳ ಜಠರದಲ್ಲಿ ಪ್ರೌಢವಾಗುವ ಈ ಕ್ರಿಮಿಯ ಮೊಟ್ಟೆಗಳು ಅವುಗಳ ಮಲದೊಡನೆ ನೀರು ಸೇರಿ, ಅಲ್ಲಿ ಹೊರಬಂದ ಮರಿಗಳನ್ನು ಸೀಗಡಿಯ ಜಾತಿಯ ಸಣ್ಣ ಜೀವಿಗಳು ನುಂಗಿ, ಅವನ್ನು ಮೀನು ತಿಂದು, ಹೀಗೆ ಒಡಲಿಂದೊಡಲಿಗೆ ಸಾಗುವ ಯಾತ್ರೆಯಲ್ಲಿ ಮಾರುವವಳ ಅಶುಚಿಗೆ ಎಡೆಯೇ ಇಲ್ಲ. ಕೊಳೆತ ಮೀನನ್ನು ಮಾರಿದರೆ ದಂಡ ವಿಧಿಸಿರಿ; ಅದು ಬೇರೆಯ ಮಾತು.

ಆದರೆ ಭಯಕ್ಕೆ ಕಾರಣವೇ ಇಲ್ಲವೆಂದೂ ನಾನು ಹೇಳಲಾರೆ. ಹಸಿಯಾಗಿಯೋ ಅರೆಬೆಂದೋ ಒಡಲು ಸೇರಿದ ಜೀವಂತ ಮರಿ ಮನುಷ್ಯನಲ್ಲಿ ಬೆಳೆಯಲಾರದಾದರೂ ಜಠರದ ಭಿತ್ತಿಯನ್ನು ಕೊರೆಯಬಲ್ಲುದು; ಕೆಲವೇ ಗಂಟೆಗಳೊಳಗೆ ತೀವ್ರವಾದ ಹೊಟ್ಟೆನೋವೂ ವಾಂತಿಯೂ ತೋರಿ, ಕಡೆಗೆ ವೈದ್ಯರು ಎಂಡೋಸ್ಕೋಪಿನ ಮೂಲಕ ಅದನ್ನು ಹಿಡಿದು ತೆಗೆಯಬೇಕಾಗಿ ಬರುವುದುಂಟು. ಅದರ ಅಂಶಕ್ಕೆ ಒಗ್ಗದ ದೇಹವುಳ್ಳ ಕೆಲವರಿಗೆ, ಹುಳು ಬೆಂದು ಸತ್ತ ಮೇಲೂ ಮೈಯೆಲ್ಲ ದದ್ದೇಳಬಹುದು. ಸಿಹಿನೀರಿನ ಮೀನಿನ ಕಥೆಯಂತೂ ಇನ್ನೂ ದಾರುಣ: ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿಮೀನಿನ ಖಾದ್ಯವನ್ನು ಮೆಲ್ಲುವ ರೂಢಿಯಿಂದ ಒಡಲು ಸೇರುವ ಯಕೃತ್ತಿನ ಚಪ್ಪಟೆ ಹುಳು ಪಿತ್ತನಾಳದ ಕ್ಯಾನ್ಸರಿಗೇ ಕಾರಣವಾಗಿದೆ.

ಈ ವಿಷಯದಲ್ಲಿ ಹಾಲೆಂಡಿನವರ ಅನುಭವ ಮನನೀಯವಾದುದು. ಅಲ್ಲಿಯ ಜನ ಹೆರಿಂಗ್ ಮೀನನ್ನು ತುಸುವೇ ಉಪ್ಪಿನಲ್ಲಿಟ್ಟು ಹಸಿಯಾಗಿಯೇ ತಿನ್ನುವವರು. ಹಿಡಿದ ಮೀನಿನ ಕರುಳನ್ನು ಕಡಲಲ್ಲೇ ತೆಗೆಯುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಇಡಿಯ ಮೀನನ್ನೇ ಮಂಜುಗಡ್ಡೆಯಲ್ಲಿಟ್ಟು ದಡಕ್ಕೆ ತರತೊಡಗಿದಾಗ, ಮೀನು ಸತ್ತ ಬಳಿಕ ಮರಿಗಳು ಕರುಳಿನಿಂದ ಮಾಂಸಕ್ಕೆ ಸರಿಯಲು ಅವಕಾಶ ದೊರೆಯಿತೆಂದು ಬಲ್ಲವರು ಹೇಳುತ್ತಾರೆ. ಫಾನ್ ಥೀಲ್ ಮೊದಲಾದ ವಿದ್ವಾಂಸರು 1960ರಲ್ಲಿ, ಇಂಥ ಹೆರಿಂಗನ್ನು ತಿಂದವರಲ್ಲಿ ತೋರಿದ ಹೊಟ್ಟೆನೋವಿನ ರೋಗದ ಮೂಲವನ್ನು ವಿವರಿಸಿದರು. 1968ರಲ್ಲಿ ಹೆರಿಂಗನ್ನು ಮಾರುವ ಮೊದಲು ಶೈತ್ಯೀಕರಿಸಲೇಬೇಕೆಂಬ ಕಟ್ಟಳೆ ಜಾರಿಗೆ ಬಂದಿತು. ರೋಗ ಬಹುಮಟ್ಟಿಗೆ ಅಡಗಿತು. ಯಾವ ಬುಟ್ಟಿಯವಳನ್ನೂ ದಂಡಿಸದೆಯೇ ಇದು ನಡೆಯಿತೆಂಬುದನ್ನು ತಾವು ಗಮನಿಸಬೇಕು.

ನಮ್ಮ ಕರಾವಳಿಯಲ್ಲಿ ಬಂಗುಡೆಯ ಪುಳಿಮುಂಚಿಯೂ ಕಾವಲಿಯ ಮೇಲೆ ಹುರಿದ ಅಂಜಲೂ ಚೆನ್ನಾಗಿ ಬೆಂದೇ ಬಾಳೆಲೆಗೆ ಬರುವುದರಿಂದ, ಕಾನೂನಿಗಿಂತ ಮೊದಲೇ ಒಲೆಯು ನಮ್ಮನ್ನು ಕಾಯುತ್ತ ಬಂದಿದೆ. ಮೀನಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟು ಬೆಂದರೆ ಹುಳು ಉಳಿಯದು. ಆದರೆ ಬೆಂಗಳೂರಿನ ಉಪಾಹಾರಗೃಹಗಳಲ್ಲಿ ಹಸಿಮೀನಿನ ಸುಶಿ, ಸಶಿಮಿಗಳನ್ನು ಬಡಿಸುವ ಈ ಕಾಲದಲ್ಲಿ ಆ ರಕ್ಷಣೆ ಅಲ್ಲಿಗೆ ತಲುಪದು. ನಿಂಬೆರಸವನ್ನೋ ವಿನಿಗರನ್ನೋ ಹಾಕಿದರೆ ಹುಳು ಸಾಯುವುದೆಂಬ ನಂಬಿಕೆ ಪೊಳ್ಳು. ಮನೆಯ ಫ್ರಿಜ್ಜಿನ ಮಂಜಿನ ಗೂಡು ಹುಳು ಸಾಯುವಷ್ಟು ತಣ್ಣಗಿರುತ್ತದೆಂಬ ಭರವಸೆಯೂ ಇಲ್ಲ.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ಹಸಿಯಾಗಿ ಬಡಿಸುವ ಮೀನನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇಡತಕ್ಕದ್ದೆಂದು ವಿಧಿಸಿರಿ; ಯೂರೋಪಿನವರು ಇದಕ್ಕೆ 24 ಗಂಟೆ ಸಾಕೆನ್ನುತ್ತಾರೆ, ಅಮೆರಿಕದವರು 7 ದಿನ ಕೇಳುತ್ತಾರೆ; ವಿದ್ಯುತ್ತು ಹೋಗಿ ಬರುವ ನಮ್ಮಲ್ಲಿ ಎರಡನೆಯದೇ ಮೇಲೆಂದು ನನ್ನ ಅಭಿಮತ. ಅದರ ದಾಖಲೆಯ ಪುಸ್ತಕವನ್ನು ಗಿರಾಕಿ ಕೇಳಿದರೆ ತೋರಿಸುವಂತಿರಲಿ. ಮೀನುಗಾರಿಕಾ ಇಲಾಖೆಯವರೊಡನೆ ಸಮಾಲೋಚಿಸಿ ಮಂಗಳೂರು, ಮಲ್ಪೆಗಳ ಧಕ್ಕೆಗಳಲ್ಲಿ ದೊಡ್ಡ ಮೀನಿನ ಕರುಳನ್ನು ಬೇಗನೆ ತೆಗೆಯಲು ಶುದ್ಧವಾದ ನೀರು, ಕಟ್ಟೆ, ಮಂಜುಗಡ್ಡೆಗಳನ್ನು ಒದಗಿಸಿರಿ. ತಪಾಸಣೆಗೆ ಕಳುಹಿಸುವ ಅಧಿಕಾರಿಗಳಿಗೆ ಮೊದಲು ಒಂದು ಮೀನನ್ನು ತಾವೇ ಸೀಳಿ ನೋಡಲು ಕಲಿಸಿರಿ. ಕಲಿಸಿಕೊಡಲು ಆ ಬುಟ್ಟಿಯ ಹೆಂಗಸರಿಗಿಂತ ಬಲ್ಲವರು ದೊರೆಯಲಾರರು.

ಇಂತು,
ಕರಾವಳಿಯ ಒಬ್ಬ ಮತ್ಸ್ಯಾಹಾರಿ ನಾಗರಿಕ