ಕೇಳಿ ತಿಳಿದದ್ದಕ್ಕೂ ಅಂಕ ಬೇಡವೇ?
ಪ್ರೌಢಶಾಲಾ ಇಂಗ್ಲಿಷ್ ಮೌಲ್ಯಮಾಪನದ ಬಗ್ಗೆ ಒಂದು ಅಭಿಪ್ರಾಯ

ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮೌಲ್ಯಮಾಪನವೆಂದರೆ ಬಹುಮಟ್ಟಿಗೆ ಬರವಣಿಗೆಯ ಮೌಲ್ಯಮಾಪನ. ಆ ಬರವಣಿಗೆಯಲ್ಲೂ ಹೆಚ್ಚಿನ ಪಾಲು ಜ್ಞಾಪಕಶಕ್ತಿಯದು. ಮಗು ಇಂಗ್ಲಿಷನ್ನು ಕೇಳಿ ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಎಂಬುದನ್ನು ನಾವು ಅಳೆಯುತ್ತಲೇ ಇಲ್ಲ. ಹತ್ತನೇ ತರಗತಿ ದಾಟಿದ ಮರುತಿಂಗಳೇ ಮಗುವಿಗೆ ಮೊದಲು ಬೇಕಾಗುವುದು ಈ ಅಳೆಯದೆ ಬಿಟ್ಟ ಕೌಶಲವೇ. ಇದನ್ನು ಸರಿಪಡಿಸಲು ಹೊಸ ಸರ್ಕಾರಿ ಆದೇಶಕ್ಕೆ ಕಾಯಬೇಕಿಲ್ಲ, ಈಗಿರುವ ಆಂತರಿಕ ಮೌಲ್ಯಮಾಪನದೊಳಗೇ, ನಮ್ಮ ಅಭ್ಯಾಸ ಬೋಧನೆಯಿಂದಲೇ ಆರಂಭಿಸಬಹುದು ಎಂಬುದು ಈ ಲೇಖನದ ವಾದ.

ನಾನು ಬಿಎಸ್ಸಿ ಮುಗಿಸಿ ಬಿಇಡಿಗೆ ಬಂದವಳು. ನನ್ನ ಬೋಧನಾ ವಿಷಯ ವಿಜ್ಞಾನ. ವಿಜ್ಞಾನದವಳಿಗೆ ಇಂಗ್ಲಿಷ್ ಮೌಲ್ಯಮಾಪನದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಅಭ್ಯಾಸ ಬೋಧನೆಯ ವಾರಗಳಲ್ಲಿ ಶಿಕ್ಷಕರು ರಜೆಯಲ್ಲಿದ್ದ ಇಂಗ್ಲಿಷ್ ಪೀರಿಯಡ್‌ಗಳು ನಮ್ಮಂಥ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬರುತ್ತವೆ. ಎರಡು, ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಿಗೆ ಮೊದಲ ಪೆಟ್ಟು ಬೀಳುವುದು ಭೌತಶಾಸ್ತ್ರದಿಂದಲ್ಲ, ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗಿ ಬರುವುದರಿಂದ. ಪುಸ್ತಕವನ್ನು ನಿಘಂಟು ಹಿಡಿದು ನಿಧಾನವಾಗಿ ಓದಬಹುದು. ಉಪನ್ಯಾಸಕರ ಮಾತನ್ನು ಹಾಗೆ ತಡೆದು ನಿಲ್ಲಿಸಲಾಗದು. ಹನೂರಿನ ಕಡೆಯ ಹಳ್ಳಿಯಿಂದ ಕೊಳ್ಳೇಗಾಲಕ್ಕೋ ಮೈಸೂರಿಗೋ ಹೋಗಿ ವಿಜ್ಞಾನಕ್ಕೆ ಸೇರಿ, ಕೆಲವೇ ವಾರಗಳಲ್ಲಿ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅವರಲ್ಲಿ ಎಷ್ಟೋ ಜನರ ಅಂಕಪಟ್ಟಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕವೇ ಇರುತ್ತದೆ.

ಅಂಕ ಏನನ್ನು ಹೇಳುತ್ತದೆ?

ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತ ಪತ್ರಿಕೆಯಲ್ಲಿ ವ್ಯಾಕರಣ, ಪಾಠದ ಪ್ರಶ್ನೋತ್ತರ, ಕಂಠಪಾಠದ ಪದ್ಯ, ಗದ್ಯಭಾಗ ಓದಿ ಉತ್ತರಿಸುವುದು, ಚಿತ್ರ ನೋಡಿ ಬರೆಯುವುದು, ಸುಳಿವುಗಳಿಂದ ಕಥೆ ಬೆಳೆಸುವುದು, ಪ್ರಬಂಧ, ಪತ್ರ ಎಲ್ಲವೂ ಇವೆ. ಕಿವಿಗೆ ಮಾತ್ರ ಒಂದು ಪ್ರಶ್ನೆಯೂ ಇಲ್ಲ. ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುವಾದದ್ದು 2007-08ರಲ್ಲಿ. ಅಂದರೆ ಇಂದಿನ ಹತ್ತನೇ ತರಗತಿಯ ಮಗುವಿಗೆ ಹತ್ತು ವರ್ಷದ ಇಂಗ್ಲಿಷ್ ಇದೆ. ಆ ಹತ್ತು ವರ್ಷದಲ್ಲಿ ಅದರ ಆಲಿಸುವಿಕೆಯನ್ನು ಯಾರಾದರೂ ಒಮ್ಮೆಯಾದರೂ ಗಂಭೀರವಾಗಿ ಅಳೆದಿದ್ದಾರೆಯೇ?

ಬಿಇಡಿ ತರಗತಿಯಲ್ಲಿ ಆಲಿಸುವಿಕೆ, ಮಾತು, ಓದು, ಬರಹ ಎಂಬ ನಾಲ್ಕು ಕೌಶಲಗಳನ್ನು ಅದೇ ಕ್ರಮದಲ್ಲಿ ಕಲಿಯುತ್ತೇವೆ. ಆಲಿಸುವಿಕೆಯೇ ಮೊದಲು ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆಮೇಲೆ ಘಟಕ ಪರೀಕ್ಷೆಯ ನೀಲನಕ್ಷೆ ತಯಾರಿಸುವಾಗ ಜ್ಞಾನ, ಗ್ರಹಿಕೆ, ಅಭಿವ್ಯಕ್ತಿ ಎಂದು ಕಾಲಂ ಎಳೆದು, ಎಲ್ಲವನ್ನೂ ಬರವಣಿಗೆಯಲ್ಲೇ ಕೇಳುತ್ತೇವೆ. ವಿಜ್ಞಾನದಲ್ಲಿ ಹೀಗೆ ಮಾಡಿದರೆ ನಗುತ್ತಾರೆ. ಸೂಕ್ಷ್ಮದರ್ಶಕವನ್ನು ಹೊಂದಿಸಲು ಬರುತ್ತದೆಯೇ ಎಂದು ತಿಳಿಯಲು ಸೂಕ್ಷ್ಮದರ್ಶಕದ ಮೇಲೆ ಪ್ರಬಂಧ ಬರೆಸುವುದಿಲ್ಲ, ಪ್ರಯೋಗಾಲಯದಲ್ಲಿ ಅದನ್ನು ಮಗುವಿನ ಕೈಗೇ ಕೊಟ್ಟು ನೋಡುತ್ತೇವೆ.

ನಮ್ಮ ಸೀಮೆಯ ಮಕ್ಕಳ ಕಿವಿ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮಕ್ಕಳಿಗೆ ಆಲಿಸುವುದು ಹೊಸದಲ್ಲ. ಮಾದಪ್ಪನ ಕಥೆಯನ್ನು ಕಂಸಾಳೆಯವರಿಂದ, ಮಂಟೇಸ್ವಾಮಿ ಸಿದ್ದಪ್ಪಾಜಿಯರ ಕಥೆಯನ್ನು ನೀಲಗಾರರಿಂದ ರಾತ್ರಿಯಿಡೀ ಕುಳಿತು ಕೇಳಿದ ಮನೆತನಗಳು ಇವು. ಕೇಳಿ, ನೆನಪಿಟ್ಟು, ಮರುದಿನ ಇನ್ನೊಬ್ಬರಿಗೆ ಹೇಳುವ ಶಕ್ತಿ ಮನೆಯಲ್ಲೇ ಇದೆ. ಅದರ ಮೇಲೆ ಭಾಷೆಗಳ ಬಳಕೆಯೂ ಇದೆ. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿಗೂ ಮಾರ್ಟಳ್ಳಿ, ಪಾಲಾರ್, ಗೋಪಿನಾಥಂ ಕಡೆ ಮನೆಮಾತು ತಮಿಳಾಗಿರುವ ಮಕ್ಕಳಿದ್ದಾರೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿ ಆಡುವ ಮಕ್ಕಳಿದ್ದಾರೆ. ಇವರಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಭಾಷೆ. ಎರಡನೆಯದನ್ನು ಇವರು ಕಲಿತದ್ದು ಕೇಳಿಯೇ.

ನಮ್ಮ ಕಡೆಯ ಆಡುಮಾತಿನಲ್ಲಿ ಪದದ ಮೊದಲ ಹಕಾರ ಸಾಮಾನ್ಯವಾಗಿ ಬೀಳುತ್ತದೆ. ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಶಾಲೆ ‘ಸಾಲೆ’, ಫ್ಯಾನು ‘ಪ್ಯಾನು’. ಇದು ತಪ್ಪಲ್ಲ, ಇದು ನಮ್ಮ ನುಡಿ. ಆದರೆ ಇಂಗ್ಲಿಷಿನಲ್ಲಿ ‘ಹೀಟ್’ ಬೇರೆ, ‘ಈಟ್’ ಬೇರೆ. ‘ಶಿಪ್’ ಬೇರೆ, ‘ಸಿಪ್’ ಬೇರೆ. ಉಕ್ತಲೇಖನದಲ್ಲಿ ‘ಹೀಟ್’ ಎಂದದ್ದನ್ನು ‘ಈಟ್’ ಎಂದು ಬರೆದ ಮಗುವಿಗೆ ನಾವು ಸ್ಪೆಲಿಂಗ್ ತಪ್ಪು ಎಂದು ಕೆಂಪು ಗೆರೆ ಎಳೆದು, ಹತ್ತು ಸಲ ಬರೆಯಲು ಹೇಳುತ್ತೇವೆ. ನಿಜದಲ್ಲಿ ಆ ಮಗು ತನಗೆ ಕೇಳಿಸಿದ್ದನ್ನು ಸರಿಯಾದ ಸ್ಪೆಲಿಂಗಿನಲ್ಲೇ ಬರೆದಿದೆ. ಬೇಕಾದದ್ದು ಹತ್ತು ಸಲ ಬರೆಯುವುದಲ್ಲ, ಎರಡು ಶಬ್ದಗಳನ್ನು ಜೋಡಿಯಾಗಿ ಕೇಳುವುದು. ಆಲಿಸುವಿಕೆಯನ್ನು ಅಳೆಯದಿದ್ದರೆ ಬರವಣಿಗೆಯ ತಪ್ಪಿನ ಮೂಲವೂ ನಮಗೆ ಸಿಗುವುದಿಲ್ಲ.

ಚೀನಾದಿಂದ ತಿಳಿಯಬೇಕಾದದ್ದು

ತರಗತಿಯ ಹೊರಗೆ ಇಂಗ್ಲಿಷ್ ಕಿವಿಗೆ ಬೀಳದ ಸ್ಥಿತಿ ನಮ್ಮೊಬ್ಬರದೇ ಅಲ್ಲ. ಚೀನಾದಲ್ಲಿ ಇಂಗ್ಲಿಷ್ ಮುಖ್ಯ ವಿಷಯವಲ್ಲದ ಕಾಲೇಜು ವಿದ್ಯಾರ್ಥಿಗಳಿಗೆಂದು 1987ರಲ್ಲಿ ‘ಕಾಲೇಜ್ ಇಂಗ್ಲಿಷ್ ಟೆಸ್ಟ್’ ಆರಂಭವಾಯಿತು. ಬ್ಯಾಂಡ್ 4, ಬ್ಯಾಂಡ್ 6 ಎಂದು ಎರಡು ಹಂತ. ಮೊದಲು ಅದರಲ್ಲಿ ಆಲಿಸುವಿಕೆಗೆ ಇದ್ದದ್ದು ಶೇ. 20. 2005ರ ಸುಧಾರಣೆಯ ನಂತರ ಅದು ಶೇ. 35ಕ್ಕೆ ಏರಿತು. ಈಗ ಓದಿಗೆ ಶೇ. 35, ಬರವಣಿಗೆ ಮತ್ತು ಅನುವಾದಕ್ಕೆ ಸೇರಿ ಶೇ. 30. ಆಲಿಸುವ ಭಾಗವನ್ನು ಅನೇಕ ಕಾಲೇಜುಗಳಲ್ಲಿ ಆವರಣದ ಎಫ್‌ಎಂ ಮೂಲಕ ಪ್ರಸಾರ ಮಾಡುತ್ತಾರೆ, ವಿದ್ಯಾರ್ಥಿಗಳು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ.

ಬರವಣಿಗೆಗೆ ಅಲ್ಲಿ 30 ನಿಮಿಷ. ಮೌಲ್ಯಮಾಪಕರು ತಪ್ಪು ಎಣಿಸಿ ಅಂಕ ಕಳೆಯುತ್ತಾ ಹೋಗುವುದಿಲ್ಲ. ಇಡೀ ಬರಹವನ್ನು ಓದಿ, ಅದು ಯಾವ ಮಟ್ಟದ್ದು ಎಂದು ನಿರ್ಧರಿಸುತ್ತಾರೆ. 15 ಅಂಕಗಳಿಗೆ 14, 11, 8, 5, 2 ಎಂಬ ಐದು ಮಟ್ಟಗಳಿವೆ. ವಿಚಾರ ಸ್ಪಷ್ಟವಿದೆಯೇ, ಮಾತಿಗೆ ಮಾತು ಕೂಡುತ್ತದೆಯೇ, ತಪ್ಪುಗಳು ಅರ್ಥವನ್ನು ಕೆಡಿಸುತ್ತವೆಯೇ ಎಂಬುದರ ವಿವರಣೆ ಪ್ರತಿ ಮಟ್ಟಕ್ಕೂ ಇದೆ.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಪ್ರಬಂಧದ ಸಿದ್ಧ ಚೌಕಟ್ಟುಗಳನ್ನು ಬಾಯಿಪಾಠ ಮಾಡಿ, ವಿಷಯವನ್ನಷ್ಟೇ ಬದಲಿಸಿ ಬರೆಯುವ ಅಭ್ಯಾಸ ಅಲ್ಲಿಯೂ ದೊಡ್ಡದಾಗಿ ಬೆಳೆದಿದೆ. ಅಂಕ ಎಲ್ಲಿದೆಯೋ ಅಲ್ಲಿಗೆ ಅಭ್ಯಾಸ ಹೋಗುತ್ತದೆ. ಒಳ್ಳೆಯ ಅಭ್ಯಾಸವೂ ಹೋಗುತ್ತದೆ, ಅಡ್ಡದಾರಿಯೂ ಹೋಗುತ್ತದೆ. ಆದ್ದರಿಂದ ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಎರಡೇ: ಆಲಿಸುವಿಕೆಗೆ ತಕ್ಕ ಪಾಲು, ಬರವಣಿಗೆಗೆ ಮಟ್ಟದ ವಿವರಣೆ. ಒಂದೇ ದಿನದ ದೊಡ್ಡ ಪರೀಕ್ಷೆ ಮತ್ತು ಹೆಡ್‌ಫೋನು ನಮಗೆ ಬೇಕಿಲ್ಲ.

ಜಾತ್ರೆಯ ಐದು ವಾಕ್ಯ

ಬರವಣಿಗೆಯ ವಿಷಯದಲ್ಲಿ ತರಗತಿಯಲ್ಲಿ ಕಂಡ ಒಂದು ಉದಾಹರಣೆ. ಒಂಬತ್ತನೇ ತರಗತಿಯಲ್ಲಿ ರಜೆ ಚೀಟಿ ಬರೆಯಲು ಹೇಳಿದಾಗ ಬಹುತೇಕ ಎಲ್ಲರೂ ಒಂದೇ ರೀತಿ, ತಪ್ಪಿಲ್ಲದೆ ಬರೆದರು. ಎಲ್ಲರಿಗೂ ಜ್ವರವೇ ಬಂದಿತ್ತು, ಎಲ್ಲರಿಗೂ ಎರಡು ದಿನವೇ ರಜೆ ಬೇಕಿತ್ತು. ಅದೇ ಮಕ್ಕಳಿಗೆ ‘ನೀನು ಹೋದ ಜಾತ್ರೆಯ ಬಗ್ಗೆ ಬರೆ’ ಎಂದಾಗ ಒಬ್ಬ ಹುಡುಗ ಬರೆದದ್ದು ಇಷ್ಟು: ‘ಐ ಗೋ ಜಾತ್ರೆ. ಮೆನಿ ಪೀಪಲ್. ಮೈ ತಮ್ಮ ಮಿಸ್. ಮೈಕ್ ಕಾಲ್. ಹಿ ಕಮ್.’

ತಪ್ಪು ಎಣಿಸಿದರೆ ಇದಕ್ಕೆ ಐದಕ್ಕೆ ಒಂದು ಅಂಕವೂ ಕಷ್ಟ. ಕಾಲ ಸರಿಯಿಲ್ಲ, ಎರಡು ಕನ್ನಡ ಪದಗಳಿವೆ, ಒಂದು ವಾಕ್ಯವೂ ಪೂರ್ಣವಿಲ್ಲ. ಆದರೆ ಓದಿದವರಿಗೆ ಎಲ್ಲವೂ ತಿಳಿಯುತ್ತದೆ. ಜನಜಂಗುಳಿಯಲ್ಲಿ ತಮ್ಮ ಕಳೆದುಹೋದ, ಮೈಕಿನಲ್ಲಿ ಕೂಗಿಸಿದರು, ತಮ್ಮ ಸಿಕ್ಕಿದ. ಘಟನೆ ಕ್ರಮವಾಗಿದೆ, ಆದಿ ಅಂತ್ಯವಿದೆ. ಈ ಹುಡುಗ ಇಂಗ್ಲಿಷಿನಲ್ಲಿ ತನ್ನದೇ ಒಂದು ಸಂಗತಿ ಹೇಳಿದ್ದಾನೆ. ರಜೆ ಚೀಟಿ ಬರೆದವರು ನೆನಪಿನಿಂದ ನಕಲು ತೆಗೆದಿದ್ದಾರೆ. ನಮ್ಮ ಅಂಕ ನೀಡುವ ಕ್ರಮ ನಕಲಿಗೆ ಪೂರ್ತಿ ಅಂಕ ಕೊಟ್ಟು, ಹೇಳಿದವನನ್ನು ಅನುತ್ತೀರ್ಣ ಮಾಡುತ್ತದೆ. ಮುಂದಿನ ಸಲ ಆ ಹುಡುಗ ತನ್ನ ತಮ್ಮನ ಬಗ್ಗೆ ಬರೆಯುವುದಿಲ್ಲ, ಗೈಡಿನ ಪ್ರಬಂಧ ಕಂಠಪಾಠ ಮಾಡುತ್ತಾನೆ. ಮಟ್ಟದ ವಿವರಣೆ ಇದ್ದಿದ್ದರೆ ಅವನ ಬರಹ ಕೆಳಗಿನಿಂದ ಎರಡನೆಯದೋ ಮೂರನೆಯದೋ ಮಟ್ಟದಲ್ಲಿ ನಿಲ್ಲುತ್ತಿತ್ತು. ಮುಂದಿನ ಮಟ್ಟಕ್ಕೆ ಭೂತಕಾಲದ ಕ್ರಿಯಾಪದ ಬೇಕು ಎಂಬುದೂ ಅವನಿಗೆ ತಿಳಿಯುತ್ತಿತ್ತು.

ಏನು ಮಾಡಬಹುದು?

ಮೊದಲನೆಯದಾಗಿ, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಒಂದನ್ನು ಆಲಿಸುವಿಕೆಗೆ ಮೀಸಲಿಡುವುದು. ಶಿಕ್ಷಕರು ಎಂಟು ಹತ್ತು ವಾಕ್ಯದ ಒಂದು ಭಾಗವನ್ನು ಸಹಜ ವೇಗದಲ್ಲಿ ಎರಡು ಸಲ ಓದಿದರೆ ಸಾಕು, ಹತ್ತು ನಿಮಿಷದ ಕೆಲಸ. ಕೊಳ್ಳೇಗಾಲದಿಂದ ಕಾಮಗೆರೆ, ಹನೂರು, ಕೌದಳ್ಳಿ, ತಾಳುಬೆಟ್ಟದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನ ವಿವರ ಓದಿ, ಎಲ್ಲಿ ನಿಂತಿತು, ಎಲ್ಲಿ ಯಾರು ಹತ್ತಿದರು ಎಂಬುದನ್ನು ನಕ್ಷೆಯಲ್ಲಿ ಗುರುತಿಸಲು ಹೇಳಬಹುದು.

ಎರಡನೆಯದಾಗಿ, ಆಲಿಸುವಿಕೆಯನ್ನು ಅಳೆಯುವಾಗ ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಒತ್ತಾಯಿಸಬಾರದು. ಪ್ರಯೋಗದಲ್ಲಿ ಒಂದು ಅಂಶವನ್ನು ಅಳೆಯುವಾಗ ಉಳಿದವನ್ನು ಸ್ಥಿರವಾಗಿಡುತ್ತೇವೆ. ಇಲ್ಲಿಯೂ ಹಾಗೆಯೇ. ಮಗು ಕೇಳಿ ತಿಳಿದುಕೊಂಡು, ಬರೆಯಲಾಗದೆ ಸುಮ್ಮನಿದ್ದರೆ, ನಾವು ಅಳೆದದ್ದು ಬರವಣಿಗೆಯನ್ನೇ ಹೊರತು ಆಲಿಸುವಿಕೆಯನ್ನಲ್ಲ. ಗುರುತು ಹಾಕುವುದು, ಚಿತ್ರ ಬಿಡಿಸುವುದು, ಕನ್ನಡದಲ್ಲಿ ಹೇಳುವುದು ಎಲ್ಲಕ್ಕೂ ಅವಕಾಶವಿರಲಿ. ಕನ್ನಡವೇ ಎರಡನೆಯ ಭಾಷೆಯಾದ ಮಕ್ಕಳಿಗೆ ಚಿತ್ರ ಮತ್ತು ನಕ್ಷೆ ಹೆಚ್ಚು ನ್ಯಾಯ.

ಮೂರನೆಯದಾಗಿ, ಎರಡೂ ಕೌಶಲಗಳನ್ನು ಸೇರಿಸುವ ಒಂದು ಚಟುವಟಿಕೆ. ಚಿಕ್ಕ ಕಥೆಯೊಂದನ್ನು ಎರಡು ಸಲ ಕೇಳಿಸಿ, ಮಕ್ಕಳು ಗುಂಪಿನಲ್ಲಿ ಕುಳಿತು ಅದನ್ನು ತಮ್ಮ ಮಾತಿನಲ್ಲಿ ಇಂಗ್ಲಿಷಿನಲ್ಲಿ ಮತ್ತೆ ಕಟ್ಟಲಿ. ಇದಕ್ಕೆ ಗೈಡು ಸಹಾಯ ಮಾಡಲಾರದು. ಕಥೆ ಕೇಳಿ ಮರಳಿ ಹೇಳುವುದು ನಮ್ಮ ಮಕ್ಕಳಿಗೆ ಒಗ್ಗಿದ ದಾರಿಯೂ ಹೌದು.

ಆಕ್ಷೇಪಗಳು

ಸಮಯವಿಲ್ಲ, ಪಠ್ಯ ಮುಗಿಯಬೇಕು ಎಂಬುದು ಹಿರಿಯ ಶಿಕ್ಷಕರ ಮೊದಲ ಮಾತು. ಫಲಿತಾಂಶದ ಒತ್ತಡ ಹೊತ್ತವರು ಅವರು, ಅವರ ಮಾತಿನಲ್ಲಿ ಹುರುಳಿದೆ. ಆದರೆ ನಾನು ಕೇಳುತ್ತಿರುವುದು ಹೊಸ ಪರೀಕ್ಷೆಯನ್ನಲ್ಲ, ಈಗಾಗಲೇ ಮಾಡಿಸಿ ದಾಖಲಿಸುತ್ತಿರುವ ಚಟುವಟಿಕೆಯೊಂದರ ಬದಲಾವಣೆಯನ್ನು. ಚಾರ್ಟ್ ಬರೆಸುವ ಬದಲು ಹತ್ತು ನಿಮಿಷ ಕೇಳಿಸಿದರೆ ಹೊರೆ ಕಡಿಮೆಯೇ ಆಗುತ್ತದೆ.

ಶಿಕ್ಷಕರ ಉಚ್ಚಾರಣೆಯೇ ಸರಿಯಿಲ್ಲದಿದ್ದರೆ ಎಂಬುದು ಎರಡನೆಯದು. ನಮ್ಮ ಮಕ್ಕಳು ಮುಂದೆ ಕೇಳಬೇಕಾದದ್ದು ಬಹುಪಾಲು ಮೈಸೂರು, ಬೆಂಗಳೂರಿನ ಉಪನ್ಯಾಸಕರ ಇಂಗ್ಲಿಷನ್ನು, ಲಂಡನ್ನಿನವರದನ್ನಲ್ಲ. ಕನ್ನಡಿಗರ ಇಂಗ್ಲಿಷ್ ಧಾರಾಳವಾಗಿ ಸಾಕು. ಬೇರೆ ದನಿ ಬೇಕೆಂದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಚಿಕ್ಕ ಸ್ಪೀಕರಿನಲ್ಲಿ ಕೇಳಿಸಬಹುದು. ಆಕಾಶವಾಣಿಯ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಕಾರ್ಯಕ್ರಮಗಳಿಗೆ ಒಂದು ರೇಡಿಯೋ ಸುತ್ತ ತರಗತಿಯೇ ಕೂತ ಅನುಭವ ನಮ್ಮ ಶಾಲೆಗಳಿಗಿದೆ.

ಆಂತರಿಕ ಅಂಕವನ್ನು ಎಲ್ಲರಿಗೂ ತುಂಬಿಸಿ ಕೊಡುವಾಗ ಇದರಿಂದೇನು ಪ್ರಯೋಜನ ಎಂಬುದು ಮೂರನೆಯದು, ನನಗೆ ಅತ್ಯಂತ ಕಠಿಣವೆನಿಸುವುದೂ ಇದೇ. ಅಂಕ ಹೇಗೇ ಇರಲಿ, ಮಗುವಿನ ಹೆಸರಿನ ಮುಂದೆ ‘ಹಕಾರ ಕೇಳಿ ಗುರುತಿಸುತ್ತಾಳೆ’, ‘ಸಂಖ್ಯೆಗಳನ್ನು ಕೇಳಿ ಬರೆಯಲಾರ’ ಎಂದು ಒಂದು ಸಾಲು ಇದ್ದರೆ, ಮುಂದಿನ ತಿಂಗಳು ಏನು ಕಲಿಸಬೇಕೆಂದು ಶಿಕ್ಷಕರಿಗೆ ತಿಳಿಯುತ್ತದೆ. ಮೌಲ್ಯಮಾಪನದ ಮೊದಲ ಕೆಲಸ ಅದೇ ಎಂದು ನಮಗೆ ಕಲಿಸಿದವರು ನಮ್ಮ ಅಧ್ಯಾಪಕರೇ.

ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ಕೋರಿಕೆ. ಬರುವ ಅಭ್ಯಾಸ ಬೋಧನೆಯಿಂದ ಇಂಗ್ಲಿಷ್ ಘಟಕ ಪರೀಕ್ಷೆಯ ನೀಲನಕ್ಷೆಯಲ್ಲಿ ಆಲಿಸುವಿಕೆಗೆ 25ಕ್ಕೆ 5 ಅಂಕದ ಒಂದು ಸಾಲು ಸೇರಿಸೋಣ. ಪ್ರತಿ ಪ್ರಶಿಕ್ಷಣಾರ್ಥಿ ಈ ಸೀಮೆಯ ಬದುಕಿನಿಂದಲೇ ಒಂದು ಆಲಿಸುವ ಪಾಠವನ್ನೂ, ಐದು ಮಟ್ಟದ ಒಂದು ಬರವಣಿಗೆ ವಿವರಣೆಯನ್ನೂ ತಯಾರಿಸಲಿ. ವಿಜ್ಞಾನದ ಪ್ರಶಿಕ್ಷಣಾರ್ಥಿಗಳಾದ ನಾವು ಬೆಳಕು, ವಿದ್ಯುತ್, ಜೀವಕೋಶದ ಮೇಲೆ ಸರಳ ಇಂಗ್ಲಿಷಿನಲ್ಲಿ ಐದೈದು ನಿಮಿಷದ ಭಾಗಗಳನ್ನು ಬರೆದು ಓದಿ ಕೊಡುತ್ತೇವೆ. ವರ್ಷದ ಕೊನೆಗೆ ಅವನ್ನೆಲ್ಲ ಒಟ್ಟುಗೂಡಿಸಿ ಅಭ್ಯಾಸ ಶಾಲೆಗಳಿಗೆ ಹಂಚಿದರೆ, ಜೂನ್‌ನಲ್ಲಿ ಪಿಯುಸಿ ತರಗತಿಗೆ ಹೋಗಿ ಕೂರುವ ಮಗುವಿಗೆ ಅಲ್ಲಿನ ಮಾತು ಮೊದಲ ಸಲ ಕೇಳಿದ್ದಾಗಿರುವುದಿಲ್ಲ.