ನಿಯಾನ್ ಹೇಳುವ ನೀರಿನ ಕಥೆ

ನೈರೋಬಿಯ ಸೌತ್ ಬಿಯಿಂದ ಮಾತಾಡ್ತಿದೀನಿ. ಇವತ್ತು ನನ್ನದೊಂದು ತಕರಾರಿದೆ, ಅದೂ ನನ್ನಂಥ ಜೀವವಿಜ್ಞಾನಿಗಳ ಮೇಲೆಯೇ.

ವೇಗವಾಗಿ ಬಂದ ಎಲೆಕ್ಟ್ರಾನು ಅಥವಾ ಅಯಾನು ನಿಯಾನ್, ಆರ್ಗಾನ್‌ನಂಥ ಜಡಾನಿಲದ ಪರಮಾಣುವಿಗೆ ಬಡಿದಾಗ ಕೆಲವೊಮ್ಮೆ ಒಂದಲ್ಲ, ಎರಡು ಮೂರು ಎಲೆಕ್ಟ್ರಾನುಗಳು ಕಿತ್ತುಹೋಗ್ತವೆ. ಇದೇ ಬಹು ಅಯಾನೀಕರಣ. ಭೌತವಿಜ್ಞಾನಿಗಳು ದಶಕಗಳಿಂದ ಇದರ ಲೆಕ್ಕ ಇಡ್ತಿದಾರೆ. "ಯಾರ ಜೊತೆಗೂ ಸೇರದ ಅನಿಲ, ನಮಗ್ಯಾಕೆ?" ಅಂತ ಪಿಎಚ್‌.ಡಿ. ದಿನಗಳಲ್ಲಿ ಅಂದುಕೊಂಡಿದ್ದೆ. ಅದು ತಪ್ಪು.

ನಿಯಾನ್‌ನಲ್ಲಿ 10 ಎಲೆಕ್ಟ್ರಾನುಗಳು. ನೀರಿನ ಅಣುವಿನಲ್ಲೂ 10: ಆಕ್ಸಿಜನ್ನಿನ 8, ಹೈಡ್ರೋಜನ್ನಿನ 2. ಹಾಗಾಗಿ ನೀರಿನ ಲೆಕ್ಕಕ್ಕೆ ನಿಯಾನ್ ಒಳ್ಳೆಯ ಮೊದಲ ಮಾದರಿ. ಒಂಟಿ ಪರಮಾಣು, ಒಡೆಯೋಕೆ ಏನೂ ಇಲ್ಲ, ಎಣಿಕೆ ಸಲೀಸು. ನೀರು ಮಾತ್ರ ಎರಡು ಎಲೆಕ್ಟ್ರಾನು ಕಳೆದುಕೊಂಡರೆ ಸಾಮಾನ್ಯವಾಗಿ ಚೂರಾಗುತ್ತೆ. ನಮ್ಮ ಜೀವಕೋಶದ ಬಹುಪಾಲು ನೀರೇ. ಆ ಚೂರುಗಳಿಂದ ಶುರುವಾಗುವ ರಾಸಾಯನಿಕ ಕ್ರಿಯೆಗಳು ಡಿಎನ್‌ಎವರೆಗೂ ಮುಟ್ಟಬಹುದು.

ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಅಯಾನುಗಳಿಂದ ಕ್ಯಾನ್ಸರ್ ಚಿಕಿತ್ಸೆ ನಡೀತಿದೆ. ಅವುಗಳ ಹಾದಿಯಲ್ಲಿ ಅಯಾನೀಕರಣ ಒತ್ತೊತ್ತಾಗಿರುತ್ತೆ. ಅದಕ್ಕೇ ಎಕ್ಸ್‌ರೇಯಷ್ಟೇ ಡೋಸ್ ಕೊಟ್ಟರೂ ಹೆಚ್ಚು ಕೋಶಗಳು ಸಾಯ್ತವೆ. ನಾವೋ, "ಇಷ್ಟು ಗ್ರೇ ಕೊಟ್ಟೆವು" ಅಂತ ಬರೆದು ಕೈತೊಳ್ಕೋತೀವಿ. ಒಂದು ಗ್ರೇ ಅಂದ್ರೆ ಕಿಲೋಗ್ರಾಮಿಗೆ ಒಂದು ಜೌಲ್, ಅಷ್ಟೇ. ಆ ಶಕ್ತಿ ಒಳಗೆ ಹೇಗೆ ಹಂಚಿಹೋಯ್ತು ಅನ್ನೋದನ್ನ ಅದು ಹೇಳಲ್ಲ.

ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಯಂತ್ರವನ್ನು ಭೌತ, ಜೀವ ಎರಡೂ ವಿಭಾಗದವರು ಬಳಸಿದ್ದಾರೆ. ಯಂತ್ರ ಹಂಚಿಕೊಂಡರೆ ಸಾಲದು, ಪಾಠವನ್ನೂ ಹಂಚಿಕೊಳ್ಳಬೇಕು. ವಿಕಿರಣ ಜೀವಶಾಸ್ತ್ರದ ಮೊದಲ ತರಗತಿ ಕೋಶದಿಂದಲ್ಲ, ನಿಯಾನ್‌ನಿಂದ ಶುರುವಾಗಲಿ. ನೀವೇನಂತೀರಿ?